ವೈರ್‌ಲೆಸ್ ಕೀಬೋರ್ಡ್‌ಗೆ ಬಿಐಎಸ್ ನಂಬರ್ ಇದೆ, ಮೌಸ್‌ಗೆ ಇಲ್ಲ. ಶಾಲೆಯವರಿಗೆ ಏನು ಹೇಳಲಿ?

ಕೊಬ್ಬರಿ_ಊರಿನವ:

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ. ರಿಪೇರಿ, ಪ್ರಿಂಟರ್ ಇಂಕು, ಸಿಸಿಟಿವಿ, ಬಂದದ್ದೆಲ್ಲ ಮಾಡುತ್ತೇನೆ. ಹತ್ತಿರದ ಒಂದು ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬಿಗೆ 20 ಸೆಟ್ ವೈರ್‌ಲೆಸ್ ಕೀಬೋರ್ಡ್-ಮೌಸ್ ಬೇಕಂತೆ. "ವೈರ್ ಇರೋದೇ ತಗೊಳ್ಳಿ ಸಾರ್, ಬ್ಯಾಟರಿ ಖರ್ಚು ಉಳಿಯುತ್ತೆ" ಅಂದೆ. "ಹೆಗ್ಗಣ ವೈರ್ ಕಡಿದು ಕಡಿದೇ ಸಾಕಾಗಿದೆ ಕಣಯ್ಯಾ" ಅಂದರು ಹೆಡ್‌ಮಾಸ್ಟರು. ಸರಿ, ಬಿಡಿ.

ತೊಡಕು ಇರುವುದು ಕೊಟೇಶನ್ ಪತ್ರದಲ್ಲಿ. "ಎಲ್ಲಾ ವಸ್ತುಗಳಿಗೂ ಐಎಸ್‌ಐ/ಬಿಐಎಸ್ ಸರ್ಟಿಫಿಕೇಟ್ ಕಡ್ಡಾಯ, ಪ್ರತಿ ಲಗತ್ತಿಸುವುದು" ಅಂತ ಬರೆದಿದ್ದಾರೆ. ಬಿಐಎಸ್ ಅಂದರೆ ವಸ್ತುಗಳ ಮಾನಕ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ, ಭಾರತೀಯ ಮಾನಕ ಬ್ಯೂರೋ.

ಎರಡು ಸ್ಯಾಂಪಲ್ ತರಿಸಿದ್ದೇನೆ. ಒಂದು ಎಲ್ಲರಿಗೂ ಗೊತ್ತಿರುವ ಬ್ರ್ಯಾಂಡ್. ಸೆಟ್‌ಗೆ ₹1,350 ಬೀಳುತ್ತದೆ. ಕೀಬೋರ್ಡ್ ಬೆನ್ನಿಗೆ ಬಿಐಎಸ್ ಮುದ್ರೆ ಇದೆ, ಕೆಳಗೆ ಆರ್- ಅಂತ ಶುರುವಾಗುವ ನಂಬರ್ ಇದೆ. ಮೌಸ್ ಹೊಟ್ಟೆ ತಿರುಗಿಸಿ ನೋಡಿದರೆ ಆ ಮುದ್ರೆಯೇ ಇಲ್ಲ. ಇನ್ನೊಂದು ಬೆಂಗಳೂರಿನ ಹೋಲ್‌ಸೇಲ್‌ನವರು ಕಳಿಸಿದ್ದು, ಸೆಟ್‌ಗೆ ₹620. ಇದರ ಕೀಬೋರ್ಡ್‌ಗೆ ಪೆನ್ಸಿಲ್ ಸೆಲ್, ಮೌಸ್‌ಗೆ ಒಳಗೇ ಚಾರ್ಜ್ ಆಗುವ ಬ್ಯಾಟರಿ. ಪೆಟ್ಟಿಗೆ ಮೇಲೆ ಸಿಇ, ಎಫ್‌ಸಿಸಿ, ಆರ್‌ಒಎಚ್‌ಎಸ್ ಅಂತ ಹೊರದೇಶದ ಮುದ್ರೆಗಳು, ಜೊತೆಗೆ ಬಿಐಎಸ್, ಒಂದನ್ನೂ ಬಿಟ್ಟಿಲ್ಲ. ಸರ್ಟಿಫಿಕೇಟ್ ಕಳಿಸಿ ಅಂದದ್ದಕ್ಕೆ ವಾಟ್ಸಾಪ್‌ನಲ್ಲಿ "ಸಿಇ ಸರ್ಟಿಫಿಕೇಟ್" ಅನ್ನೋ ಪಿಡಿಎಫ್ ಬಂತು. "ಸಿಇ ಇದ್ರೆ ಬಿಐಎಸ್ ಬೇಡ ಗುರು, ಅದು ಇಂಟರ್‌ನ್ಯಾಷನಲ್ಲು" ಅಂತ ಜೊತೆಗೊಂದು ವಾಯ್ಸ್ ಮೆಸೇಜು.

ಹಾಗಾದರೆ ಬ್ರ್ಯಾಂಡೆಡ್ ಮೌಸ್ ನಕಲಿಯಾ? ಸಿಇ ಪತ್ರ ನಡೆಯುತ್ತಾ? ನಾಳೆ ಯಾರಾದರೂ ತಪಾಸಣೆಗೆ ಬಂದರೆ ಹಿಡಿಯುವುದು ನನ್ನನ್ನೋ ಹೋಲ್‌ಸೇಲ್‌ನವರನ್ನೋ? ಗೊತ್ತಿದ್ದವರು ಹೇಳಿ.

---

ಖಾಯಂ_ಗಿರಾಕಿ:

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಓಡಾಡಿ ಚಪ್ಪಲಿ ಸವೆಸಿದವನು ನಾನು. ಪೆಟ್ಟಿಗೆ ಮೇಲಿನ ಮುದ್ರೆ ನಂಬಬೇಡಿ. ಅಚ್ಚು ಹಾಕುವವನಿಗೆ ಒಂದು ಮುದ್ರೆ ಆದರೂ ಆರು ಮುದ್ರೆ ಆದರೂ ಅದೇ ಖರ್ಚು. ಇಲ್ಲಿ ಒಬ್ಬರು ಲ್ಯಾಬ್‌ನಲ್ಲಿ ಇದ್ದ ಮೇಡಂ ಇದ್ದಾರೆ, ಅವರು ಬರಲಿ, ಸರಿಯಾಗಿ ಹೇಳುತ್ತಾರೆ. ಅಲ್ಲಿವರೆಗೆ ಆ ₹620ರ ಮಾಲಿಗೆ ಅಡ್ವಾನ್ಸ್ ಹಾಕಬೇಡಿ.

---

ಮಲ್ಟಿಮೀಟರ್:

ಕರೆದಿರಿ, ಬಂದೆ.

ಪೀಣ್ಯದ ಕಡೆ ಒಂದು ಟೆಸ್ಟಿಂಗ್ ಲ್ಯಾಬ್‌ನಲ್ಲಿ ಸೇಫ್ಟಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಅಡಾಪ್ಟರ್ ಸುಡುವುದು, ಪವರ್ ಬ್ಯಾಂಕ್ ಕುಟ್ಟುವುದು, ಸ್ಟಿಕರ್ ಉಜ್ಜುವುದು, ಇದಕ್ಕೇ ಸಂಬಳ ಕೊಡುತ್ತಿದ್ದರು.

ಮೊದಲು ನಿಮ್ಮ ಬ್ರ್ಯಾಂಡೆಡ್ ಮೌಸ್ ವಿಷಯ. ಮುದ್ರೆ ಇಲ್ಲ ಅಂತ ಅದನ್ನು ನಕಲಿ ಅನ್ನಬೇಡಿ. ವೈರ್‌ಲೆಸ್ ಮೌಸ್ ಬಿಐಎಸ್ ಕಡ್ಡಾಯ ಪಟ್ಟಿಯಲ್ಲೇ ಇಲ್ಲ. ವೈರ್‌ಲೆಸ್ ಕೀಬೋರ್ಡ್ ಇದೆ. ಹೌದು, ಒಂದೇ ಪೆಟ್ಟಿಗೆ, ಒಂದೇ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್), ಒಂದಕ್ಕೆ ನೋಂದಣಿ ಬೇಕು, ಇನ್ನೊಂದಕ್ಕೆ ಬೇಡ. ವೈರ್ ಇರುವ ಕೀಬೋರ್ಡ್ ಕೂಡ ಪಟ್ಟಿಯಲ್ಲಿಲ್ಲ. ಕಾರಣ ನನ್ನನ್ನು ಕೇಳಬೇಡಿ. ಎರಡು ಪೆನ್ಸಿಲ್ ಸೆಲ್ ಮೇಲೆ ಓಡುವ ಕೀಬೋರ್ಡ್ ಯಾರ ಮನೆಗೆ ಬೆಂಕಿ ಹಚ್ಚುತ್ತದೋ ನನಗಂತೂ ತಿಳಿದಿಲ್ಲ. 2012ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಇಲಾಖೆ ಕಡ್ಡಾಯ ನೋಂದಣಿ ಆದೇಶ ಹೊರಡಿಸಿದಾಗ ಮೊದಲ ಪಟ್ಟಿಯಲ್ಲಿ 15 ವಸ್ತು ಇದ್ದವು. ಲ್ಯಾಪ್‌ಟಾಪ್, ಪ್ರಿಂಟರ್, ಸ್ಕ್ಯಾನರ್, ಮೈಕ್ರೋವೇವ್ ಓವನ್, ಸೆಟ್ ಟಾಪ್ ಬಾಕ್ಸ್, ಅವುಗಳ ನಡುವೆ ವೈರ್‌ಲೆಸ್ ಕೀಬೋರ್ಡ್. ಆಮೇಲೆ ಅಡಾಪ್ಟರ್, ಪವರ್ ಬ್ಯಾಂಕ್, ಮೊಬೈಲ್ ಫೋನ್, ಚಾರ್ಜ್ ಆಗುವ ಸೆಲ್, ಸ್ಮಾರ್ಟ್ ವಾಚ್, ವೆಬ್‌ಕ್ಯಾಮ್, ವೈರ್‌ಲೆಸ್ ಹೆಡ್‌ಫೋನ್, ಬ್ಲೂಟೂತ್ ಸ್ಪೀಕರ್ ಎಲ್ಲ ಕಂತು ಕಂತಾಗಿ ಸೇರಿದವು. 2021ರಲ್ಲಿ ಹಳೆಯ ಆದೇಶದ ಜಾಗಕ್ಕೆ ಹೊಸದು ಬಂತು. ಮೌಸ್ ಮಾತ್ರ ಹೊರಗೇ ಉಳಿಯಿತು.

ಶಾಲೆಯ ಪತ್ರದಲ್ಲಿ "ಐಎಸ್‌ಐ" ಅಂತಲೂ ಇದೆಯಲ್ಲ, ಅದೂ ಗೊಂದಲವೇ. ಐಎಸ್‌ಐ ಮಾರ್ಕ್ ಅಂದರೆ ಕುಕ್ಕರ್, ಸಿಮೆಂಟು, ಹೆಲ್ಮೆಟ್ ಮೇಲೆ ಇರುವುದು. ಅದಕ್ಕೆ ಲೈಸೆನ್ಸ್ ಬೇಕು, ಬಿಐಎಸ್‌ನವರು ಫ್ಯಾಕ್ಟರಿಗೇ ಹೋಗಿ ನೋಡುತ್ತಾರೆ. ಕೀಬೋರ್ಡ್‌ಗೆ ಇರುವುದು ನೋಂದಣಿ. ಬಿಐಎಸ್ ಒಪ್ಪಿದ ಲ್ಯಾಬ್‌ನಲ್ಲಿ ಸ್ಯಾಂಪಲ್ ಪರೀಕ್ಷೆ ಮಾಡಿಸಬೇಕು, ವರದಿ ಇಟ್ಟುಕೊಂಡು "ನನ್ನ ಮಾಲು ಈ ಮಾನಕಕ್ಕೆ ಸರಿಯಾಗಿದೆ" ಅಂತ ತಯಾರಕನೇ ಘೋಷಿಸಬೇಕು. ಮುದ್ರೆಯೂ ಬೇರೆ. ಮೇಲೆ ಐಎಸ್ ಸಂಖ್ಯೆ, ಅಂದರೆ ಭಾರತೀಯ ಮಾನಕದ ಸಂಖ್ಯೆ, ಕೆಳಗೆ ಆರ್- ಮತ್ತು ಎಂಟು ಅಂಕಿ. ಕೀಬೋರ್ಡ್ ಆದರೆ ಸಾಮಾನ್ಯವಾಗಿ ಐಎಸ್ 13252 ಭಾಗ 1 ಅಂತ ಇರುತ್ತದೆ. ಐಎಸ್/ಐಇಸಿ 62368-1 ಕಂಡರೆ ಗಾಬರಿ ಬೀಳಬೇಡಿ, ಅದು ಹಳೆಯದರ ಜಾಗಕ್ಕೆ ಬರುತ್ತಿರುವ ಮಾನಕ.

ಆ ಆರ್ ನಂಬರ್ ಕಂಪನಿಗೆ ಒಟ್ಟಾರೆ ಕೊಟ್ಟ ಬಿರುದಲ್ಲ, ಇದೇ ಮುಖ್ಯ. ಒಂದು ಫ್ಯಾಕ್ಟರಿಯ ವಿಳಾಸ, ಒಂದು ಬ್ರ್ಯಾಂಡ್, ಒಂದು ಬಗೆಯ ವಸ್ತು, ಇಷ್ಟಕ್ಕೆ ಸೇರಿದ್ದು. ಅದೇ ಬ್ರ್ಯಾಂಡ್‌ನವರು ಇನ್ನೊಂದು ಫ್ಯಾಕ್ಟರಿಯಲ್ಲಿ ಮಾಡಿಸಿದರೆ ಇನ್ನೊಂದು ನಂಬರ್ ಬೇಕು. ಹೊರದೇಶದ ಫ್ಯಾಕ್ಟರಿಯಾದರೆ ಅದರ ಪರವಾಗಿ ಇಲ್ಲೊಬ್ಬ ಅಧಿಕೃತ ಪ್ರತಿನಿಧಿ ಇರಬೇಕು.

ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಳ್ಳಿ. ಚಿನ್ನದ ಹಾಲ್‌ಮಾರ್ಕ್ ನೋಡಲು ಜನ ಹಾಕಿಕೊಳ್ಳುತ್ತಾರಲ್ಲ, ಅದೇ. ಅದರಲ್ಲಿ ಆರ್ ನಂಬರ್ ಪರಿಶೀಲನೆಗೆ ಬೇರೆ ಗುಂಡಿ ಇದೆ. ₹620ರ ಮಾಲಿನ ನಂಬರ್ ಹೊಡೆದು ನೋಡಿ, ಏನು ಬಂತು ಅಂತ ಇಲ್ಲಿ ಹೇಳಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

---

ಕೊಬ್ಬರಿ_ಊರಿನವ:

ಮೇಡಂ, ನೋಡಿದೆ. ನಂಬರ್ ನಿಜವಾದದ್ದೇ, ಚಾಲ್ತಿಯಲ್ಲೂ ಇದೆ. ಆದರೆ ಅದು ಪವರ್ ಅಡಾಪ್ಟರ್‌ದು! ಬ್ರ್ಯಾಂಡ್ ಹೆಸರೂ ಬೇರೆ. ₹1,350ರದ್ದು ನೋಡಿದರೆ ಬ್ರ್ಯಾಂಡ್, ಫ್ಯಾಕ್ಟರಿ, ವೈರ್‌ಲೆಸ್ ಕೀಬೋರ್ಡ್ ಅಂತ ಎಲ್ಲ ಸರಿಯಾಗಿ ಬಂತು.

ಹೋಲ್‌ಸೇಲ್‌ನವರಿಗೆ ಫೋನ್ ಮಾಡಿದೆ. "ಅದು ಪ್ರಿಂಟಿಂಗ್ ಮಿಸ್ಟೇಕು, ನಂಬರ್ ಬೇರೆ ಇದೆ, ಸ್ಟಿಕರ್ ಕಳಿಸ್ತೀನಿ, ನೀವೇ ಅಂಟಿಸಿಕೊಳ್ಳಿ" ಅಂದರು.

---

ಖಾಯಂ_ಗಿರಾಕಿ:

ಸ್ಟಿಕರ್ ಕಳಿಸ್ತಾರಂತೆ! ಪುಣ್ಯಾತ್ಮ.

---

ಮಲ್ಟಿಮೀಟರ್:

ಅಡಾಪ್ಟರ್ ನಂಬರ್ ತಂದು ಕೀಬೋರ್ಡ್‌ಗೆ ಹಾಕುವುದು ಬಲು ಹಳೆಯ ಆಟ. ನಂಬರ್ "ಸಿಕ್ಕಿತು" ಅಂದರೆ ಸಾಕು ಅಂತ ಕೊಳ್ಳುವವರು ನಿಲ್ಲಿಸಿಬಿಡುತ್ತಾರೆ. ನೀವು ವಸ್ತುವಿನ ಹೆಸರು, ಬ್ರ್ಯಾಂಡ್ ಎರಡನ್ನೂ ಓದಿದಿರಿ, ಒಳ್ಳೆಯದಾಯಿತು. ಮಾಡೆಲ್ ನಂಬರನ್ನೂ ತಾಳೆ ನೋಡಿ. ಸ್ಟಿಕರ್ ಮಾತ್ರ ಅಂಟಿಸಬೇಡಿ. ಅಂಟಿಸಿದ ಕ್ಷಣ ಆ ಸುಳ್ಳು ನಿಮ್ಮದಾಗುತ್ತದೆ. 2016ರ ಬಿಐಎಸ್ ಕಾಯ್ದೆ ತಯಾರಿಸುವವರಿಗೆ, ಆಮದು ಮಾಡುವವರಿಗೆ ಮಾತ್ರ ಅಲ್ಲ, ಮಾರುವವರಿಗೂ, ಬಾಡಿಗೆಗೆ ಕೊಡುವವರಿಗೂ, ಮಾರಾಟಕ್ಕೆ ಇಟ್ಟುಕೊಂಡವರಿಗೂ ಅನ್ವಯಿಸುತ್ತದೆ. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಇಬ್ಬರನ್ನೂ ಹಿಡಿಯಬಹುದು, ನಿಮ್ಮ ಅಂಗಡಿ ರಸ್ತೆ ಮೇಲೆ ಇದೆ, ಅವರ ಗೋಡೌನ್ ಎಲ್ಲೋ ಇದೆ.

ಸ್ಟಿಕರ್ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಐಎಸ್ 13252ರಲ್ಲಿ ಲೇಬಲ್‌ಗೇ ಒಂದು ಪರೀಕ್ಷೆ ಇದೆ. ನೀರಿನಲ್ಲಿ ನೆನೆಸಿದ ಬಟ್ಟೆಯಿಂದ 15 ಸೆಕೆಂಡ್ ಕೈಯಲ್ಲಿ ಉಜ್ಜಬೇಕು. ಆಮೇಲೆ ಪೆಟ್ರೋಲಿಯಂ ಸ್ಪಿರಿಟ್‌ನಲ್ಲಿ ನೆನೆಸಿದ ಬಟ್ಟೆಯಿಂದ ಇನ್ನೊಂದು 15 ಸೆಕೆಂಡ್. ಅಕ್ಷರ ಓದಲು ಬರಬೇಕು, ಸ್ಟಿಕರ್ ಸುಲಭವಾಗಿ ಕಿತ್ತು ಬರಬಾರದು, ಅಂಚು ಮುದುರಬಾರದು. ಲ್ಯಾಬ್‌ಗೆ ಹೊಸಬರು ಬಂದಾಗ ಇದನ್ನೇ ಮೊದಲು ಮಾಡಿಸುತ್ತಿದ್ದೆವು. "ಇಷ್ಟು ಓದಿ ಬಂದು ಬಟ್ಟೆ ಒರೆಸೋದಾ ಮೇಡಂ" ಅಂತ ಮುಖ ಸಣ್ಣಗೆ ಮಾಡುತ್ತಿದ್ದವು ಹುಡುಗರು. ಆದರೆ ಎಷ್ಟೋ ಮಾಲು ಅಲ್ಲೇ ಬೀಳುತ್ತಿತ್ತು. ವೋಲ್ಟೇಜ್ ಎಷ್ಟು, ಯಾವ ಸೆಲ್ ಹಾಕಬೇಕು ಅಂತ ಬರೆದದ್ದು ಆರು ತಿಂಗಳಿಗೆ ಅಳಿಸಿಹೋದರೆ ಬರೆದು ಏನು ಪ್ರಯೋಜನ? ಸ್ಪಿರಿಟ್ ಬೇಡ, ಒದ್ದೆ ಬಟ್ಟೆಯಿಂದ ಅಂಗಡಿಯಲ್ಲೇ ಉಜ್ಜಿ ನೋಡಿ. ಅದು ಪ್ರಮಾಣವಲ್ಲ, ಆದರೆ ಮಾಲು ಮಾಡಿದವನ ಶ್ರದ್ಧೆ ಎಷ್ಟು ಅಂತ ಅಂದಾಜು ಸಿಗುತ್ತದೆ.

ಇನ್ನು ನನಗೆ ಚಿಂತೆ ಹುಟ್ಟಿಸಿದ್ದು ಆ ಅಗ್ಗದ ಸೆಟ್‌ನ ಮೌಸ್. ಒಳಗೇ ಚಾರ್ಜ್ ಆಗುವ ಬ್ಯಾಟರಿ ಅಂದಿರಿ. ಮೌಸ್ ಪಟ್ಟಿಯಲ್ಲಿಲ್ಲ, ನಿಜ. ಆದರೆ ಅದರೊಳಗಿನ ಲಿಥಿಯಂ ಸೆಲ್ ಪಟ್ಟಿಯಲ್ಲಿದೆ. ಅದರ ಮಾನಕ ಐಎಸ್ 16046, ಅದಕ್ಕೆ ತನ್ನದೇ ಆರ್ ನಂಬರ್ ಇರಬೇಕು. ಇದನ್ನು ಮಾತ್ರ ನಾನು ಸುಮ್ನೆ ಕಾಗದದ ಕೆಲಸ ಅನ್ನುವುದಿಲ್ಲ. ಸೆಲ್ ಪರೀಕ್ಷೆಯಲ್ಲಿ ಶಾರ್ಟ್ ಮಾಡುತ್ತೇವೆ, ಜಜ್ಜುತ್ತೇವೆ, ಬೀಳಿಸುತ್ತೇವೆ, ಮಿತಿ ಮೀರಿ ಚಾರ್ಜ್ ಮಾಡುತ್ತೇವೆ. ಬೆಂಕಿ ಹತ್ತಬಾರದು, ಸಿಡಿಯಬಾರದು. ಕೆಟ್ಟ ಸೆಲ್ ಈ ಪರೀಕ್ಷೆಯಲ್ಲಿ ಏನು ಮಾಡುತ್ತದೆ ಅಂತ ಒಮ್ಮೆ ನೋಡಿದವರು ಯಾರೂ ಅದನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಶಾಲೆಯಲ್ಲಿ ಇಪ್ಪತ್ತು ಮೌಸ್‌ಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚಾರ್ಜ್ ಹಾಕಿ, ಬಾಗಿಲು ಹಾಕಿ ಮನೆಗೆ ಹೋಗುತ್ತಾರೆ. ಅದು ನೆನಪಿರಲಿ.

ಮೌಸ್ ಬಿಚ್ಚದೆ ಸೆಲ್ ಮೇಲಿನ ನಂಬರ್ ಕಾಣುವುದಿಲ್ಲ. ನೀವು ರಿಪೇರಿ ಮಾಡುವವರು, ಸ್ಯಾಂಪಲ್ ಒಂದನ್ನು ಬಿಚ್ಚಿ ನೋಡಿ. ಸ್ಕ್ರೂ ಹೆಚ್ಚಾಗಿ ಕೆಳಗಿನ ಜಾರುವ ಪಟ್ಟಿಯ ಅಡಿಯಲ್ಲಿ ಇರುತ್ತದೆ.

---

ಮ್ಯೂನಿಕ್_ಮಂಜ:

ಸಿಇ ಬಗ್ಗೆ ನಾನು ಹೇಳುತ್ತೇನೆ, ಇಲ್ಲಿ ಜರ್ಮನಿಯಲ್ಲಿ ನನ್ನ ಕೆಲಸಕ್ಕೂ ಅದಕ್ಕೂ ನಂಟಿದೆ.

ಕೀಬೋರ್ಡ್, ಮೌಸ್ ಥರದ ವಸ್ತುವಿಗೆ ಸಿಇ ಅಂದರೆ ತಯಾರಕನ ಸ್ವಂತ ಮಾತು. ರೇಡಿಯೋ ಇರುವ ವಸ್ತುಗಳಿಗೆ ಯುರೋಪಿನಲ್ಲಿ 2014/53/ಇಯು ಅನ್ನುವ ನಿರ್ದೇಶನ ಇದೆ. ಒಪ್ಪಿತ ಮಾನಕಗಳನ್ನು ಪೂರ್ತಿ ಪಾಲಿಸಿದರೆ ಹೊರಗಿನ ಸಂಸ್ಥೆಯ ಒಪ್ಪಿಗೆ ಬೇಕಿಲ್ಲ. ತಯಾರಕನೇ ಕಡತ ಇಟ್ಟುಕೊಂಡು, ಘೋಷಣಾ ಪತ್ರಕ್ಕೆ ಸಹಿ ಹಾಕಿ, ಮುದ್ರೆ ಒತ್ತಬಹುದು. ಹಾಗಾಗಿ ಯಾವುದೋ ಲ್ಯಾಬ್ ಬಣ್ಣದ ಅಂಚು, ಚಿನ್ನದ ಸೀಲು ಹಾಕಿ ಕೊಟ್ಟ "ಸಿಇ ಸರ್ಟಿಫಿಕೇಟ್"ಗೆ ಇಲ್ಲೇ ಅಂಥ ಬೆಲೆ ಇಲ್ಲ, ಕೇಳಬೇಕಾದದ್ದು ಆ ಘೋಷಣಾ ಪತ್ರ. ಇನ್ನು ಭಾರತದಲ್ಲಿ ಬಿಐಎಸ್ ಬದಲಿಗೆ ಅದು ಹೇಗೆ ನಡೆದೀತು? ಅದು ಯುರೋಪಿನ ಮಾರುಕಟ್ಟೆಗೆ ಮಾಡಿದ ಮುದ್ರೆ.

ಮತ್ತೆ ವಾಟ್ಸಾಪ್‌ನಲ್ಲಿ ಓಡಾಡುವ ಕಥೆ ಒಂದಿದೆ, ಸಿ ಮತ್ತು ಇ ಅಕ್ಷರಗಳ ನಡುವೆ ಜಾಗ ಕಡಿಮೆ ಇದ್ದರೆ ಅದು "ಚೀನಾ ಎಕ್ಸ್‌ಪೋರ್ಟ್" ಅಂತ. ಅಂಥದ್ದೊಂದು ಮುದ್ರೆಯೇ ಇಲ್ಲ. ಅಳತೆ ತಪ್ಪಿದ್ದರೆ ಅದು ಅಳತೆ ತಪ್ಪಿದ ಸಿಇ, ಅಷ್ಟೇ.

ಎಫ್‌ಸಿಸಿ ಅಮೆರಿಕದ್ದು. ಅದು ನೋಡುವುದು ರೇಡಿಯೋ ತರಂಗದ ಗಲಾಟೆಯನ್ನು, ಬೆಂಕಿ-ಶಾಕ್ ವಿಷಯ ಅಲ್ಲ. ಆದರೆ ಒಂದು ಉಪಯೋಗ ಇದೆ. ವಸ್ತುವಿನ ಮೇಲೆ ಎಫ್‌ಸಿಸಿ ಐಡಿ ಅಂತ ಪೂರ್ತಿ ಸಂಖ್ಯೆ ಇದ್ದರೆ ಅವರ ಜಾಲತಾಣದಲ್ಲಿ ಹುಡುಕಿ. ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತದೆ, ಎಷ್ಟೋ ಸಲ ಒಳಗಿನ ಬೋರ್ಡಿನ ಫೋಟೋ ಕೂಡ ಸಿಗುತ್ತದೆ. ನಿಮ್ಮ ಸ್ಯಾಂಪಲ್ ಬಿಚ್ಚಿ ಹೋಲಿಸಿ ನೋಡಬಹುದು. ಬರೀ ಲೋಗೋ ಇದ್ದು ಐಡಿ ಇಲ್ಲದಿದ್ದರೆ ಆ ಲೋಗೋ ಅಲಂಕಾರಕ್ಕೆ ಅಂತ ತಿಳಿಯಿರಿ.

---

ಮಲ್ಟಿಮೀಟರ್:

ಮಂಜ ಹೇಳಿದ್ದು ಸರಿ. ರೇಡಿಯೋ ಮಾತು ಬಂದದ್ದರಿಂದ ನಮ್ಮಲ್ಲಿನದನ್ನೂ ಹೇಳಬೇಕು, ಏಕೆಂದರೆ ಅಂಗಡಿಯವರು ಇದನ್ನು ಕೇಳುವುದೇ ಇಲ್ಲ. ಬಿಐಎಸ್ ನೋಡುವುದು ಸುರಕ್ಷತೆ. ರೇಡಿಯೋ ಭಾಗ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ್ದು. ಅವರು ಕೊಡುವುದು ಇಟಿಎ ಅನ್ನುವ ಒಪ್ಪಿಗೆ. ಇದು ಕೀಬೋರ್ಡ್‌ಗೂ ಬೇಕು, ಮೌಸ್‌ಗೂ ಬೇಕು. ಇವು ಬಳಸುವ 2.4 ಗಿಗಾಹರ್ಟ್ಸ್ ತರಂಗಾಂತರಕ್ಕೆ 2005ರಿಂದ ಲೈಸೆನ್ಸ್ ವಿನಾಯಿತಿ ಇದೆ, ಅಂದರೆ ಬಳಸುವ ನೀವು ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ಆದರೆ ಮಾಡೆಲ್‌ಗೆ ಒಪ್ಪಿಗೆ ಇರಬೇಕು. ಈಗ ಅದನ್ನು ಸರಳ ಸಂಚಾರ್ ಪೋರ್ಟಲ್‌ನಲ್ಲಿ ಸ್ವಯಂ ಘೋಷಣೆಯಿಂದ ಪಡೆಯಬಹುದು, ಸಂಖ್ಯೆ ಇಟಿಎ-ಎಸ್‌ಡಿ ಅಂತ ಶುರುವಾಗುತ್ತದೆ. ಪೆಟ್ಟಿಗೆ ಮೇಲೆ ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಪ್ರತಿ ಕೇಳಿ ತರಿಸಿಕೊಳ್ಳಿ, ಮಾಡೆಲ್ ಹೆಸರು ಹೊಂದುತ್ತದಾ ನೋಡಿ.

ಇದು ಬರೀ ಕಾಗದದ ಶಾಸ್ತ್ರ ಅಂದುಕೊಳ್ಳಬೇಡಿ. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತಲ್ಲ, ವಾಕಿ-ಟಾಕಿಗಳನ್ನು ತರಂಗಾಂತರದ ವಿವರ, ಇಟಿಎ ಯಾವುದೂ ತೋರಿಸದೆ ಮಾರುತ್ತಿದ್ದಾರೆ ಅಂತ. ಮೌಸ್‌ಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ನಿಜ. ಆದರೆ ಕಾಗದ ಸರಿ ಇದ್ದವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

---

ಪೋರ್ಟ್_ಕಾವಲುಗಾರ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬಿಐಎಸ್, ಇಟಿಎ ಎರಡೂ ಇದ್ದರೂ ನೀವು ಒತ್ತಿದ ಅಕ್ಷರ ಗಾಳಿಯಲ್ಲಿ ಗುಟ್ಟಾಗಿ ಹೋಗುತ್ತದಾ ಅಂತ ಅವು ಹೇಳುವುದಿಲ್ಲ. 2016ರಲ್ಲಿ ಬ್ಯಾಸ್ಟಿಲ್ ಅನ್ನುವ ಸಂಸ್ಥೆಯ ಸಂಶೋಧಕರು ಮೌಸ್‌ಜ್ಯಾಕ್ ಅಂತ ಒಂದು ದೋಷ ಬಯಲಿಗೆ ತಂದರು. ಎಷ್ಟೋ ಬ್ರ್ಯಾಂಡ್‌ಗಳ ಮೌಸ್ ತನ್ನ ಡಾಂಗಲ್‌ಗೆ ಗೂಢಲಿಪಿ ಇಲ್ಲದೆ ಮಾತಾಡುತ್ತಿತ್ತು. ದೂರದಲ್ಲಿ ಕೂತವನು ಅಗ್ಗದ ರೇಡಿಯೋ ಸಾಧನ ಹಿಡಿದು, ತಾನೇ ಕೀಬೋರ್ಡ್ ಅಂತ ಡಾಂಗಲ್‌ಗೆ ನಂಬಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಅಕ್ಷರ ಒತ್ತಬಹುದಿತ್ತು. ಅದೇ ವರ್ಷ ಕೀಸ್ನಿಫರ್ ಅಂತ ಇನ್ನೊಂದು ಬಂತು. ಕೆಲವು ಅಗ್ಗದ ಕೀಬೋರ್ಡ್‌ಗಳು ಒತ್ತಿದ್ದನ್ನೆಲ್ಲ ಬಟಾಬಯಲಾಗಿ ಕಳಿಸುತ್ತಿದ್ದವು.

ಮಕ್ಕಳ ಲ್ಯಾಬಿಗೆ ಇದು ದೊಡ್ಡ ವಿಷಯ ಅಲ್ಲ. ಆದರೆ ಆಫೀಸ್ ರೂಮಿನಲ್ಲಿ ಫೀಸು, ಬ್ಯಾಂಕ್ ಪಾಸ್‌ವರ್ಡ್ ಹೊಡೆಯುವ ಕಂಪ್ಯೂಟರಿಗೆ ವೈರ್ ಕೀಬೋರ್ಡೇ ಇರಲಿ ಅಂತ ಹೆಡ್‌ಮಾಸ್ಟರಿಗೆ ಹೇಳಿ. ಹೆಗ್ಗಣದ ವೈರಿಗೆ ಪಿವಿಸಿ ಪೈಪ್ ಹಾಕಿಸಿದರಾಯಿತು.

---

ಹೊಸ_ಓದುಗಿ:

ನನ್ನದೂ ಒಂದು ಪ್ರಶ್ನೆ. ಮಗಳು ದಿನವಿಡೀ ವೈರ್‌ಲೆಸ್ ಮೌಸ್ ಹಿಡಿದೇ ಇರ್ತಾಳೆ. ರೇಡಿಯೇಷನ್ ತೊಂದರೆ ಇಲ್ವಾ?

---

ಮಲ್ಟಿಮೀಟರ್:

ಇಲ್ಲ ಅಮ್ಮ. ಇಂಥ ಮೌಸ್‌ಗಳ ರೇಡಿಯೋ ಶಕ್ತಿ ಸಾಮಾನ್ಯವಾಗಿ ಒಂದೆರಡು ಮಿಲಿವ್ಯಾಟ್‌ನಷ್ಟು. ಕಿವಿಗೆ ಒತ್ತಿ ಹಿಡಿಯುವ ಮೊಬೈಲ್ ಅದಕ್ಕಿಂತ ನೂರಾರು ಪಟ್ಟು ಜಾಸ್ತಿ ಬಿಡಬಲ್ಲದು. ಮಗಳ ಮಣಿಕಟ್ಟು ನೋಯುತ್ತಾ ಅಂತ ಕೇಳಿ, ಅದು ನಿಜವಾದ ತೊಂದರೆ.

---

ಕೊಬ್ಬರಿ_ಊರಿನವ:

ಅಗ್ಗದ ಮೌಸ್ ಬಿಚ್ಚಿದೆ. ಒಳಗೆ ಬೆಳ್ಳಿ ಬಣ್ಣದ ಚಪ್ಪಟೆ ಸೆಲ್. ಅದರ ಮೇಲೆ 3.7 ವೋಲ್ಟ್ ಅಂತ ಒಂದಿದೆ, ಮತ್ತೆ ತಯಾರಿಸಿದವರ ಹೆಸರೂ ಇಲ್ಲ, ಆರ್ ನಂಬರೂ ಇಲ್ಲ. ಅಂಟು ಟೇಪಿನಲ್ಲಿ ಬೋರ್ಡಿಗೆ ಅಂಟಿಸಿದ್ದಾರೆ. ಒದ್ದೆ ಬಟ್ಟೆಯಲ್ಲಿ ಕೀಬೋರ್ಡ್ ಸ್ಟಿಕರ್ ಉಜ್ಜಿದೆ, ಬಟ್ಟೆ ಕಪ್ಪಾಯಿತು. ಪೆಟ್ಟಿಗೆ ಮೇಲೆ ಆಮದುದಾರರ ಹೆಸರು, ವಿಳಾಸವೂ ಇಲ್ಲ. ಎರಡೂ ಸ್ಯಾಂಪಲ್ ಪೆಟ್ಟಿಗೆ ಪಕ್ಕಪಕ್ಕ ಇಟ್ಟಾಗಲೇ ಅದು ಕಣ್ಣಿಗೆ ಬಿದ್ದದ್ದು.

ವಾಪಸ್ ಕಳಿಸುತ್ತಿದ್ದೇನೆ. ₹1,350ರದ್ದಕ್ಕೇ ಕೊಟೇಶನ್ ಹಾಕುತ್ತೇನೆ, ಎರಡಕ್ಕೂ ಪೆನ್ಸಿಲ್ ಸೆಲ್. ಆದರೆ ಪತ್ರದಲ್ಲಿ "ಎಲ್ಲಾ ವಸ್ತುಗಳಿಗೂ" ಅಂತ ಇದೆಯಲ್ಲ, ಮೌಸ್ ಜಾಗದಲ್ಲಿ ಏನು ಬರೆಯಲಿ? ಖಾಲಿ ಬಿಟ್ಟರೆ ತಿರಸ್ಕಾರ ಮಾಡಿದರೆ?

---

ಮಲ್ಟಿಮೀಟರ್:

ಖಾಲಿ ಬಿಡಬೇಡಿ. ಕೀಬೋರ್ಡ್, ಮೌಸ್ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಕೀಬೋರ್ಡ್ ಸಾಲಿನಲ್ಲಿ ಆರ್ ನಂಬರ್, ಐಎಸ್ ಸಂಖ್ಯೆ, ಮಾಡೆಲ್. ಬಿಐಎಸ್ ಕೇರ್‌ನಲ್ಲಿ ಬಂದ ಪುಟದ ಪ್ರಿಂಟ್ ತೆಗೆದು ಹಿಂದೆ ಲಗತ್ತಿಸಿ. ಮೌಸ್ ಸಾಲಿನಲ್ಲಿ ಹೀಗೆ ಬರೆಯಿರಿ: "ವೈರ್‌ಲೆಸ್ ಮೌಸ್ ಬಿಐಎಸ್ ಕಡ್ಡಾಯ ನೋಂದಣಿ ಪಟ್ಟಿಯಲ್ಲಿ ಬರುವುದಿಲ್ಲ. ಈ ಮಾಡೆಲ್‌ನ ಇಟಿಎ ಪ್ರತಿ ಲಗತ್ತಿಸಿದೆ." ಇಟಿಎ ಪ್ರತಿಯನ್ನು ಕಂಪನಿಯ ಡಿಸ್ಟ್ರಿಬ್ಯೂಟರ್ ಇಮೇಲ್‌ನಲ್ಲಿ ಕೊಡುತ್ತಾರೆ, ಕೇಳಬೇಕು ಅಷ್ಟೇ.

ಆ ಅಡಾಪ್ಟರ್ ನಂಬರ್ ವಿಷಯ ಬಿಐಎಸ್ ಕೇರ್‌ನಲ್ಲೇ ದೂರು ಹಾಕಬಹುದು. ಪೆಟ್ಟಿಗೆಯ ಫೋಟೋ, ಬಿಲ್ ಇಟ್ಟುಕೊಂಡಿರಿ. ಮಾಲು ವಾಪಸ್ ಕಳಿಸುವ ಮೊದಲು ಫೋಟೋ ತೆಗೆಯಿರಿ.

---

ಖಾಯಂ_ಗಿರಾಕಿ:

ಪಾರ್ಸೆಲ್ ಕಳಿಸುವಾಗ ಮೌಸ್‌ನೊಳಗೆ ಲಿಥಿಯಂ ಸೆಲ್ ಇದೆ ಅಂತ ಕೊರಿಯರ್‌ನವರಿಗೆ ಹೇಳಿ. ಬಿಚ್ಚಿದ್ದನ್ನು ಹಾಗೇ ಕಳಿಸಬೇಡಿ, ಸ್ಕ್ರೂ ಬಿಗಿ ಮಾಡಿ. ಇಲ್ಲದಿದ್ದರೆ "ನೀವೇ ಹಾಳು ಮಾಡಿದ್ದು" ಅಂತ ದುಡ್ಡು ಹಿಡಿಯುತ್ತಾರೆ.